ಬೀದರ್‌ನಲ್ಲಿ ಒಂದೂವರೆ ದಿನ: ಕೋಟೆ ಬಿಟ್ಟು ಇನ್ನೇನು ನೋಡಬೇಕು?

ಬ್ರಹ್ಮಪುರದ ಅಮ್ಮ

ಎಲ್ಲರಿಗೂ ನಮಸ್ಕಾರ. ನಾವು ಕಲಬುರಗಿಯವರು. ಬರುವ ಶನಿವಾರ ಮಧ್ಯಾಹ್ನ ಬೀದರ್‌ಗೆ ಬಂದು ಭಾನುವಾರ ರಾತ್ರಿ ವಾಪಸ್ ಹೊರಡಬೇಕು. ಜೊತೆಗೆ ನಮ್ಮ ಅತ್ತೆ ಇರುತ್ತಾರೆ. ಎಪ್ಪತ್ತು ದಾಟಿದವರು, ಮೆಟ್ಟಿಲು ಹತ್ತಿದರೆ ಮೊಣಕಾಲು ಹಿಡಿದುಕೊಳ್ಳುತ್ತದೆ. ಮಗಳು ಏಳನೇ ಕ್ಲಾಸು. ಬಹಮನಿ ಸುಲ್ತಾನರ ಪಾಠ ಆದಾಗಿನಿಂದ ಒಂದೇ ಪ್ರಶ್ನೆ ಹಿಡಿದಿದ್ದಾಳೆ. "ರಾಜಧಾನಿ ನಮ್ಮೂರಲ್ಲೇ ಇತ್ತಲ್ಲ, ಬೀದರ್‌ಗೆ ಯಾಕೆ ಹೋಯಿತು?" ಅಂತ. ನನಗೆ ಉತ್ತರ ಹೇಳೋಕೆ ಆಗಲಿಲ್ಲ. ಸರಿ, ಹೋಗಿಯೇ ನೋಡೋಣ ಅಂದೆ.

ನಾನು ಬೀದರ್‌ಗೆ ಬಂದಿದ್ದು ಎರಡೇ ಸಲ. ಎರಡು ಸಲವೂ ಝರಣಿ ನರಸಿಂಹನ ದರ್ಶನ ಮಾಡಿ, ಕೋಟೆ ಬಾಗಿಲ ಮುಂದೆ ಫೋಟೋ ತೆಗೆದುಕೊಂಡು ಬಸ್ ಹತ್ತಿದ್ದೇವೆ. ಈ ಸಲ ಹಾಗಾಗಬಾರದು. ಏನು ನೋಡಬೇಕು, ಯಾವ ಹೊತ್ತಿಗೆ ನೋಡಬೇಕು, ಅತ್ತೆಗೆ ಯಾವುದು ಆಗುತ್ತದೆ, ಯಾವುದು ಆಗಲ್ಲ? ಅಲ್ಲಿನವರು ಹೇಳಿದರೆ ದೊಡ್ಡ ಉಪಕಾರ.

ಮಂಗಲಪೇಟೆ ಮನಿ

ಬರ್ರೀ ಅಕ್ಕಾ. ಮೊದಲು ಒಂದು ಮಾತು. ಶನಿವಾರ ಬಂದ ತಕ್ಷಣ ಕೋಟೆಗೆ ಓಡಬೇಡಿ. ಮಧ್ಯಾಹ್ನದ ಹೊತ್ತಿಗೆ ಅಲ್ಲಿ ಕಲ್ಲೆಲ್ಲ ಕಾದಿರುತ್ತದೆ, ನೆರಳು ಕಡಿಮೆ. ಶನಿವಾರ ಸಂಜೆ ಹಳೆ ಊರು ನೋಡಿ. ಭಾನುವಾರ ಬೆಳಗ್ಗೆ ಬೇಗ ಕೋಟೆ. ಆಮೇಲೆ ಬಹಮನಿ ಸುಲ್ತಾನರ ಗೋರಿಗಳಿರುವ ಅಷ್ಟೂರು.

ಹಳೆ ಊರು ಅಂದರೆ ಚೌಬಾರಾದಿಂದ ಶುರು ಮಾಡಿ. ನಾಲ್ಕು ದಾರಿ ಸೇರುವ ಜಾಗದಲ್ಲಿ ನಿಂತಿರುವ ದುಂಡನೆಯ ಕಾವಲು ಗೋಪುರ ಅದು, 71 ಅಡಿ ಎತ್ತರ. ಅಲ್ಲಿ ಸುಮ್ನೆ ಐದು ನಿಮಿಷ ನಿಂತು ನಾಲ್ಕೂ ಕಡೆ ನೋಡಿದರೆ ಊರು ಹೇಗೆ ಕಟ್ಟಿದ್ದಾರೆ ಅನ್ನೋದು ಗೊತ್ತಾಗುತ್ತದೆ. ಸುತ್ತ ಗೋಡೆ, ಗೋಡೆಗೆ ಐದು ಬಾಗಿಲು: ಮಂಗಲಪೇಟೆ, ಫತೇ, ಶಾಹಗಂಜ್, ತಲಘಾಟ್, ದುಲ್ಹನ್. ನಾವು ಇವತ್ತಿಗೂ ವಿಳಾಸ ಹೇಳೋದು ಆ ಬಾಗಿಲುಗಳ ಹೆಸರಿನಲ್ಲೇ.

ಚೌಬಾರಾದಿಂದ ಕೋಟೆ ಕಡೆ ನಡೆದರೆ ಮಹಮೂದ್ ಗವಾನ್ ಮದರಸಾ ಸಿಗುತ್ತದೆ. ಇದನ್ನು ಸಂಜೆಗೆ ಇಟ್ಟುಕೊಳ್ಳಿ. ಪರ್ಷಿಯಾದ ಗಿಲಾನ್‌ನಿಂದ ಬಂದ ಗವಾನ್ ಬಹಮನಿಗಳ ಮಂತ್ರಿಯಾಗಿದ್ದ. 1472ರಲ್ಲಿ ಇದನ್ನು ಕಟ್ಟಿಸಿದ. ಮೂರು ಅಂತಸ್ತು, ಗ್ರಂಥಾಲಯ, ಪಾಠದ ಹಜಾರ, ಹುಡುಗರಿಗೆ ಉಳಿಯೋಕೆ ಕೋಣೆ, ಎಲ್ಲ ಒಂದೇ ಕಡೆ. ಒಂಬತ್ತು ವರ್ಷ ಕಳೆಯುವಷ್ಟರಲ್ಲಿ, 1481ರಲ್ಲಿ, ಸುಲ್ತಾನನೇ ಅವನ ತಲೆ ತೆಗೆಸಿದ. ವೈರಿಗಳು ಅವನ ಮುದ್ರೆ ಒತ್ತಿದ ಸುಳ್ಳು ಪತ್ರ ತೋರಿಸಿದ್ದರು. ನಾನು ಅದರ ಮುಂದೆ ದಿನಾ ಗಾಡಿ ಓಡಿಸುತ್ತೇನೆ. ಆದರೂ ಆ ಕಥೆ ನೆನಪಾದಾಗಲೆಲ್ಲ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ.

ಕಟ್ಟಡದ ಅರ್ಧ ಮುಂಭಾಗ ಇಲ್ಲ. 1696ರಲ್ಲಿ ಒಳಗಿಟ್ಟಿದ್ದ ಮದ್ದು ಸಿಡಿದು ಹಾರಿಹೋಯಿತು. ಎರಡು ಮಿನಾರುಗಳಲ್ಲಿ ಒಂದು ಉಳಿದಿದೆ. ಮಗಳಿಗೆ ಆ ಮಿನಾರಿನ ಹತ್ತಿರ ಹೋಗಿ ನೋಡೋಕೆ ಹೇಳಿ. ನೀಲಿ, ಬಿಳಿ, ಹಳದಿ, ಹಸಿರು ಗಾಜಿನ ಮೆರುಗಿನ ಹೆಂಚುಗಳು ಅಲ್ಲಲ್ಲಿ ಅಂಟಿಕೊಂಡಿವೆ. ಉದುರಿದ ಕಡೆ ಬರೀ ಗಾರೆ. ಒಂದು ಕಾಲಕ್ಕೆ ಇಡೀ ಮುಖಕ್ಕೆ ಹೀಗೆಯೇ ಇತ್ತು ಅಂತ ಊಹಿಸಿಕೊಳ್ಳಬೇಕು. ಇಳಿಬಿಸಿಲು ಬಿದ್ದಾಗ ಆ ನೀಲಿ ನೋಡಬೇಕು ಅಕ್ಕಾ.

ಭಾಲ್ಕಿ ಬಸ್ಸು

ಕಲಬುರಗಿಯಿಂದ ರೈಲಿದೆ, 2017ರಲ್ಲಿ ಲೈನ್ ಶುರುವಾಗಿದೆ. ಅತ್ತೆಗೆ ಬಸ್ಸಿಗಿಂತ ಅದು ವಾಸಿ. ಊರೊಳಗೆ ಭಾನುವಾರಕ್ಕೆ ಒಂದು ಆಟೋ ಇಡೀ ದಿನಕ್ಕೆ ಮಾತಾಡಿಕೊಳ್ಳಿ. ಕೋಟೆ, ಅಷ್ಟೂರು, ಬಹಮನಿಗಳ ನಂತರ ಬೀದರ್ ಆಳಿದ ಬರೀದಶಾಹಿಗಳ ಗೋರಿ ಒಂದೊಂದು ಒಂದೊಂದು ದಿಕ್ಕಿಗೆ ಇವೆ. ಪ್ರತಿ ಸಲ ಬೇರೆ ಆಟೋ ಹಿಡಿದರೆ ದುಡ್ಡೂ ಜಾಸ್ತಿ, ಹೊತ್ತೂ ಹೋಗುತ್ತದೆ.

ಮಂಗಲಪೇಟೆ ಮನಿ

ಕೋಟೆ ಬಗ್ಗೆ ಬರೆಯೋದು ಉಳಿದಿತ್ತು.

ಊರ ಕಡೆಯಿಂದ ಹೋಗುವಾಗ ಮೊದಲು ಕಂದಕ ನೋಡಿ. ಎಲ್ಲರೂ ಸೇತುವೆ ದಾಟಿ ಸರ್ರನೆ ಒಳಗೆ ಹೋಗಿಬಿಡುತ್ತಾರೆ. ಅಲ್ಲಿ ಕಂದಕ ಒಂದಲ್ಲ, ಮೂರು ಸಾಲು. ಕಟ್ಟಿದ್ದಲ್ಲ, ಕಡಿದದ್ದು. ನಡುನಡುವೆ ಬಿಟ್ಟಿರುವ ಗೋಡೆಗಳು ಹುಟ್ಟು ಬಂಡೆ. ಆಮೇಲೆ ಶರಜಾ ದರ್ವಾಜಾ ಬರುತ್ತದೆ. 1503ರ ಶಾಸನ ಇದೆ, ಮೇಲೆ ಎರಡು ಹುಲಿ ಕೆತ್ತಿದ್ದಾರೆ. ಅದು ದಾಟಿದರೆ ಗುಂಬದ್ ದರ್ವಾಜಾ.

ಗುಂಬದ್ ದರ್ವಾಜಾ ಹತ್ತಿರವೇ ರಂಗೀನ್ ಮಹಲ್. ಹೊರಗಿನಿಂದ ನೋಡಿದರೆ ಏನೂ ಅನಿಸಲ್ಲ, ಬಣ್ಣ ಇಲ್ಲದ ಗೋಡೆ. ಬಹಳ ಸಲ ಬೀಗ ಹಾಕಿರುತ್ತದೆ. ಬೀಗ ನೋಡಿ ತಿರುಗಿ ಬರಬೇಡಿ. ಅಲ್ಲಿನ ಸಿಬ್ಬಂದಿಯನ್ನು ಸಮಾಧಾನವಾಗಿ ಕೇಳಿ, ತೆಗೆದು ತೋರಿಸುತ್ತಾರೆ. ಒಳಗೆ ಕೆತ್ತಿದ ಮರದ ಕಂಬಗಳಿವೆ. ಇನ್ನೂ ಒಳಗಿನ ಕೋಣೆಯ ಬಾಗಿಲಿಗೆ ಕನ್ನಡಿಯಂತೆ ನುಣ್ಣಗಿನ ಕರಿಕಲ್ಲು, ಅದರಲ್ಲಿ ಮುತ್ತಿನ ಚಿಪ್ಪು ಕೂರಿಸಿ ಬಳ್ಳಿ ಮಾಡಿದ್ದಾರೆ. ಅಲೀ ಬರೀದ್ ಷಾಹನ ಕಾಲದ ಕೆಲಸ, 16ನೇ ಶತಮಾನದ್ದು. ನೇರ ನೋಡಿದರೆ ಚಿಪ್ಪು ಬೆಳ್ಳಗೆ ಕಾಣುತ್ತದೆ. ತಲೆ ಸ್ವಲ್ಪ ವಾಲಿಸಿದರೆ ಗುಲಾಬಿ, ಮತ್ತೊಂದು ಕಡೆಯಿಂದ ಹಸಿರು.

ಅಲ್ಲಿಂದ ಸೋಲಾ ಖಂಬ ಮಸೀದಿ ದೂರ ಇಲ್ಲ, ದಾರಿ ಮಟ್ಟಸ, ಅತ್ತೆಯವರೂ ನಡೆಯಬಹುದು. 1424ರ ಆಸುಪಾಸಿನದು, ಬೀದರ್‌ನ ಸುಲ್ತಾನರ ಕಟ್ಟಡಗಳಲ್ಲೇ ತುಂಬ ಹಳೆಯದು. ಸಾಲು ಸಾಲು ದಪ್ಪ ದುಂಡು ಕಂಬಗಳ ನಡುವೆ ತಣ್ಣಗಿರುತ್ತದೆ. ಅವರನ್ನು ಅಲ್ಲಿ ಕೂರಿಸಿ ನೀವು ಗಗನ್ ಮಹಲ್, ತಖ್ತ್ ಮಹಲ್ ಕಡೆ ಹೋಗಿ ಬನ್ನಿ. ತಖ್ತ್ ಮಹಲ್‌ನ ಕಮಾನಿನ ಮೂಲೆಯಲ್ಲಿ ಹುಲಿ ಮತ್ತು ಸೂರ್ಯನ ಗುರುತು ಹುಡುಕೋಕೆ ಮಗಳಿಗೆ ಬಿಡಿ.

ಇಡೀ ಕೋಟೆ ಸುತ್ತಬೇಕು ಅನ್ನೋ ಹಟ ಬೇಡ. ಗೋಡೆಯ ಸುತ್ತಳತೆಯೇ ಐದು ಕಿಲೋಮೀಟರ್ ಮೇಲಿದೆ.

ಬಿದರಿ ಮನೆತನ

ಅಕ್ಕಾ, ಕೋಟೆ ನೋಡಿದ ಮೇಲೆ ಕೋಟೆಯ ಮಣ್ಣು ಏನು ಮಾಡುತ್ತದೆ ಅನ್ನೋದನ್ನೂ ನೋಡಿ ಹೋಗಿ. ಚೌಬಾರಾ ಹತ್ತಿರದ ಓಣಿಗಳಲ್ಲಿ ಬಿದರಿ ಕೆಲಸದ ಮನೆಗಳಿವೆ. ನಮ್ಮದೂ ಅಂಥದೇ ಮನೆ. ಅಂಗಡಿ ಗಾಜಿನೊಳಗೆ ಹೂದಾನಿ ನೋಡಿ ಹೋಗುವವರು ಜಾಸ್ತಿ. ಕೆಲಸ ನೋಡುವವರು ಕಡಿಮೆ. ಅದು ನಮಗೆ ನಿಜವಾಗಿ ಬೇಜಾರಿನ ವಿಷಯ.

ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ಯುತ್ತೇವೆ. ಅರ ಹಾಕಿ ನುಣುಪು ಮಾಡಿ, ಮೈಲುತುತ್ತದ ನೀರು ಸವರಿದರೆ ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಆ ಕಪ್ಪಿನ ಮೇಲೆ ಬಳ್ಳಿ, ಹೂವು ಗೀರುತ್ತೇವೆ. ಆಮೇಲೆ ಉಳಿಯಿಂದ ಗೀರು ಆಳ ಮಾಡಿ, ಬೆಳ್ಳಿ ತಂತಿ ಇಟ್ಟು ಸಣ್ಣ ಸುತ್ತಿಗೆಯಲ್ಲಿ ಕೂರಿಸುತ್ತೇವೆ. ಮತ್ತೆ ಉಜ್ಜಿದರೆ ಎಲ್ಲ ಒಂದೇ ಬಣ್ಣ. ಬೆಳ್ಳಿ ಯಾವುದು, ಸತು ಯಾವುದು ಗೊತ್ತೇ ಆಗಲ್ಲ.

ಕೊನೆಗೆ ಬರೋದು ಮಣ್ಣು. ಬಿಸಿಲು, ಮಳೆ ಬೀಳದ ಹಳೆ ಕಟ್ಟಡದೊಳಗಿನ ಕೋಟೆ ಮಣ್ಣೇ ಆಗಬೇಕು. ನಮ್ಮ ಹಿರಿಯರು ಚಿಟಿಕೆ ಮಣ್ಣು ನಾಲಗೆ ಮೇಲಿಟ್ಟು ನೋಡುತ್ತಾರೆ, ರುಚಿಯಲ್ಲೇ ಇದು ಕೆಲಸಕ್ಕೆ ಬರುತ್ತದೋ ಇಲ್ಲವೋ ಹೇಳುತ್ತಾರೆ. ಅದಕ್ಕೆ ನವಸಾಗರ ಅನ್ನೋ ಉಪ್ಪು, ನೀರು ಸೇರಿಸಿ, ಬಿಸಿ ಮಾಡಿದ ಸಾಮಾನಿಗೆ ಉಜ್ಜಿದರೆ ಸತುವಿನ ಭಾಗ ಕಡುಗಪ್ಪಾಗುತ್ತದೆ. ಬೆಳ್ಳಿ ಹಾಗೇ ಉಳಿಯುತ್ತದೆ. ನಿಮ್ಮ ಮಗಳು ಆ ಗಳಿಗೆ ಒಂದು ನೋಡಿದರೆ ಸಾಕು.

2006ರಲ್ಲಿ ಬಿದರಿಗೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದೆ. 2023ರಲ್ಲಿ ನಮ್ಮ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಾಗ ಇಡೀ ಓಣಿಗೆ ಹಬ್ಬವಾಗಿತ್ತು. ಆದರೂ ಹೊರಗೆ ಬಿದರಿ ಹೆಸರಿನಲ್ಲಿ ಬಣ್ಣ ಬಳಿದ ಸಾಮಾನು ಮಾರುತ್ತಾರೆ. ಒಂದು ಸಲ ನಮ್ಮ ನೆಂಟರೇ ಅಂಥದ್ದನ್ನು ಖುಷಿಯಿಂದ ತಂದು ತೋರಿಸಿದ್ದರು. ಏನು ಹೇಳಬೇಕೋ ತಿಳಿಯಲಿಲ್ಲ. ದೊಡ್ಡದು ಕೊಳ್ಳಲೇಬೇಕು ಅಂತಿಲ್ಲ. ಕೆಲಸದ ಮನೆಯಿಂದ ಒಂದು ಸಣ್ಣ ಪೆಟ್ಟಿಗೆ ತಗೊಂಡರೂ ನಮಗೆ ಸಂತೋಷ.

ಹುಮನಾಬಾದ್ ದಾರಿ

ಎಲ್ಲ ಸರಿ, ಆದರೆ ಈ ಸಲ ಝರಣಿ ಬಿಟ್ಟುಬಿಡಿ. ಗುಹೆಯೊಳಗೆ ಎದೆಮಟ್ಟದ ನೀರಿನಲ್ಲಿ ನಡೆಯಬೇಕು. ಭಾನುವಾರ ಜನ ಜಾಸ್ತಿ, ಸಾಲು ಉದ್ದ. ಅರ್ಧ ದಿನ ಅಲ್ಲೇ ಹೋಗುತ್ತದೆ. ಹಿರಿಯರನ್ನು ಕರೆದುಕೊಂಡು ಹೋಗೋದು ಸರಿಯಲ್ಲ.

ಬ್ರಹ್ಮಪುರದ ಅಮ್ಮ

ಅದೇ ಕಷ್ಟ. ಅತ್ತೆ ಬರುತ್ತಿರುವುದೇ ನರಸಿಂಹನಿಗಾಗಿ. ಅವರಿಗೆ ಕೋಟೆ, ಮಹಲ್ ಎಲ್ಲ ಆಮೇಲೆ.

ನೌಬಾದ್ ಮಾಸ್ತರ್

ತಾಯಿ, ನಾನು ನಿವೃತ್ತ ಶಿಕ್ಷಕ. ನಿಮ್ಮ ಮಗಳ ಪ್ರಶ್ನೆಗೆ ಇಲ್ಲಿ ಯಾರೂ ಉತ್ತರ ಕೊಟ್ಟಿಲ್ಲ. ಆ ಪ್ರಶ್ನೆಗೂ ನಿಮ್ಮ ಅತ್ತೆಯವರ ನರಸಿಂಹನಿಗೂ ಸಂಬಂಧ ಇದೆ. ಅದಕ್ಕೆ ಬರೆಯುತ್ತಿದ್ದೇನೆ.

ರಾಜಧಾನಿ ಬದಲಾಗಿದ್ದು ಅಹ್ಮದ್ ಷಾ ವಲಿಯ ಕಾಲದಲ್ಲಿ, 1420ರ ದಶಕದಲ್ಲಿ. ಕಾರಣ ಒಂದೇ ಅಲ್ಲ. ಕಲಬುರಗಿಯಲ್ಲಿ ಸಿಂಹಾಸನಕ್ಕಾಗಿ ಮನೆಯೊಳಗೇ ಬಹಳ ರಕ್ತ ಹರಿದಿತ್ತು. ರಾಜ್ಯ ಬೆಳೆದು, ಬೀದರ್ ಅದರ ನಡುಮಧ್ಯಕ್ಕೆ ಬಂದಿತ್ತು. ಆದರೆ ಮಕ್ಕಳಿಗೆ ನಾನು ಹೇಳುತ್ತಿದ್ದ ಉತ್ತರ ಬೇರೆ: ಈ ನೆಲ ನೋಡಿ. ಕಲಬುರಗಿ ಸಮುದ್ರ ಮಟ್ಟಕ್ಕಿಂತ ಸುಮಾರು 450 ಮೀಟರ್ ಎತ್ತರದಲ್ಲಿದ್ದರೆ ಬೀದರ್ ಸುಮಾರು 700 ಮೀಟರ್ ಎತ್ತರದ ಹಾಸಿನ ಅಂಚಿನಲ್ಲಿದೆ. ಹವೆ ತಂಪು, ಶತ್ರು ದೂರದಿಂದಲೇ ಕಾಣುತ್ತಾನೆ. ಎಲ್ಲಕ್ಕಿಂತ ಮುಖ್ಯ, ನೀರಿದೆ.

ಎತ್ತರದ ಗುಡ್ಡದ ತಲೆ ಮೇಲೆ ನೀರು ಹೇಗೆ? ಮೇಲೆ ಇರೋದು ಕೆಂಪು ಜಂಬಿಟ್ಟಿಗೆ ಕಲ್ಲು. ಅದರ ತುಂಬ ಸಣ್ಣ ತೂತು. ಮಳೆ ನೀರು ಹರಿದುಹೋಗದೆ ಅದರೊಳಗೆ ಇಳಿಯುತ್ತದೆ. ಕೆಳಗೆ ಜೇಡಿ, ಅದರ ಕೆಳಗೆ ಗಟ್ಟಿ ಕರಿಕಲ್ಲು. ನೀರು ಅಲ್ಲಿ ನಿಂತು, ಪಕ್ಕಕ್ಕೆ ಸರಿದು, ಗುಡ್ಡದ ಅಂಚು ಸಿಕ್ಕ ಕಡೆ ಝರಿಯಾಗಿ ಹೊರಬರುತ್ತದೆ. ಝರಣಿ ನರಸಿಂಹನ ಗುಹೆಯಲ್ಲಿ ನಿಲ್ಲುವುದು ಅದೇ ನೀರು. ಗುರುನಾನಕರು ಬಂದಾಗ ಸಿಹಿನೀರು ಚಿಮ್ಮಿತು ಅಂತ ಭಕ್ತರು ನಂಬುವ ನಾನಕ್ ಝೀರಾ ಗುರುದ್ವಾರದಲ್ಲೂ ಅದೇ ನೀರು. ಪಾಪನಾಶ ಶಿವನ ಗುಡಿಯ ಹೊಂಡವೂ ಅಂಥದ್ದೇ ತಗ್ಗಿನಲ್ಲಿದೆ. ಮೂರು ಬೇರೆ ಬೇರೆ ದೇವರ ಸನ್ನಿಧಿ, ಕಲ್ಲು ಒಂದೇ. ಕಂದಕ ಕಡಿದದ್ದೂ ಅದೇ ಕಲ್ಲಿನಲ್ಲಿ.

ಸುಲ್ತಾನರು ಝರಿಗೆ ಕಾದು ಕೂರಲಿಲ್ಲ. ಪರ್ಷಿಯಾದಿಂದ ಬಂದವರ ವಿದ್ಯೆಯಲ್ಲಿ ನೆಲದೊಳಗೆ ಕರೇಜ್ ಕೊರೆಸಿದರು. ನಾವು ಸುರಂಗ ಬಾವಿ ಅನ್ನುತ್ತೇವೆ. ನೀರಿನ ಸೆಲೆ ಇರುವಲ್ಲಿ ಒಂದು ತಾಯಿಬಾವಿ. ಅಲ್ಲಿಂದ ಸುರಂಗ, ಸ್ವಲ್ಪವೇ ಇಳಿಜಾರು. ನಡುನಡುವೆ ಗಾಳಿಗೆ, ಹೂಳು ತೆಗೆಯೋಕೆ ಬಾವಿಯಂಥ ಕಿಂಡಿಗಳು. ಪಂಪು ಬೇಡ, ಎತ್ತು ಬೇಡ, ನೀರು ತಾನೇ ನಡೆದು ಬರುತ್ತದೆ. ನಮ್ಮ ನೌಬಾದ್‌ನಲ್ಲಿ ಇದನ್ನು ಇವತ್ತಿಗೂ ನೋಡಬಹುದು. ನಾನು ಹುಡುಗನಾಗಿದ್ದಾಗ ಆ ಕಿಂಡಿಗಳನ್ನು ಹಾಳು ಬಾವಿ ಅಂದುಕೊಂಡು ಜನ ಕಸ ಸುರಿಯುತ್ತಿದ್ದರು. ನಾವೂ ಕಲ್ಲು ಎಸೆದು ಗುಳುಂ ಸದ್ದು ಕೇಳುತ್ತಿದ್ದೆವು. ಏನು ಅನ್ನೋದು ತಿಳಿದಿರಲಿಲ್ಲ. ಆಮೇಲೆ ಹೂಳು ತೆಗೆದಾಗ ಬಂದು ನಿಂತು ನೋಡಿದೆ. ಕಣ್ಣು ತುಂಬಿತು.

ಅತ್ತೆಯವರಿಗೆ ಝರಣಿ ಬೇಡ ಅನ್ನಬೇಡಿ. ಬಾಗಿಲವರೆಗೆ ಕರೆದುಕೊಂಡು ಹೋಗಿ ಕೈ ಮುಗಿಸಿ. ನೀರಿಗೆ ಗಂಡ, ಮಗಳು ಇಳಿಯಲಿ. ಶನಿವಾರ ಮಧ್ಯಾಹ್ನವೇ ಮುಗಿಸಿ. ಭಾನುವಾರಕ್ಕಿಂತ ಜನ ಕಡಿಮೆ.

ಹುಮನಾಬಾದ್ ದಾರಿ

ಮಾಸ್ತರ್ ಹೇಳಿದ್ದು ಸರಿ. ನನ್ನ ಮಾತು ವಾಪಸ್ ತಗೋತೀನಿ. ಶನಿವಾರ ಮಧ್ಯಾಹ್ನ ಒಳ್ಳೆಯದು. ಮಧ್ಯಾಹ್ನದ ಊಟಕ್ಕೆ ನಾನಕ್ ಝೀರಾದ ಲಂಗರ್‌ಗೆ ಹೋಗಿ. ಹಿರಿಯರಿಗೆ ಬಿಸಿ ರೊಟ್ಟಿ, ದಾಲು, ನೆಮ್ಮದಿಯಾಗಿ ಕೂತು ಉಣ್ಣಬಹುದು. ಗುರು ಗೋವಿಂದ ಸಿಂಗರ ಪಂಚ ಪ್ಯಾರೆಯರಲ್ಲಿ, ಅಂದರೆ ಐವರು ಪ್ರಿಯ ಶಿಷ್ಯರಲ್ಲಿ, ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ನಮ್ಮ ಬೀದರಿನವರು. ಮಗಳಿಗೆ ಇದನ್ನೂ ಹೇಳಿ.

ಆಳಂದದವ

ಅಷ್ಟೂರಿನ ಬಗ್ಗೆ ಯಾರೂ ಪೂರ್ತಿ ಬರೆದಿಲ್ಲ. ಊರಿನಿಂದ ಮೂರು ಕಿಲೋಮೀಟರ್ ಇರಬಹುದು. ಬಹಮನಿ ಸುಲ್ತಾನರ ಗೋರಿಗಳು ಬಯಲಿನಲ್ಲಿ ಸಾಲಾಗಿವೆ. ದಾರಿಯಲ್ಲಿ ದಿಬ್ಬದ ಮೇಲೆ ಎಂಟು ಮೂಲೆಯ ಚೌಖಂಡಿ ಅನ್ನೋ ಗೋರಿ ಸಿಗುತ್ತದೆ. ಅದಕ್ಕೆ ಮೆಟ್ಟಿಲಿದೆ, ಅತ್ತೆಯವರು ಕೆಳಗೇ ಇರಲಿ.

ಅಹ್ಮದ್ ಷಾ ವಲಿಯ ಗೋರಿಯನ್ನು ನಮ್ಮ ಕಡೆ ಜನ ಅಲ್ಲಮಪ್ರಭುವಿನ ಗದ್ದುಗೆ ಅಂತಲೂ ನಂಬಿ ನಡೆದುಕೊಳ್ಳುತ್ತಾರೆ. ಅಲ್ಲಿನ ಉರುಸಿಗೆ ನಮ್ಮ ಆಳಂದ ತಾಲೂಕಿನ ಮಾಡಿಯಾಳದಿಂದ ಜಂಗಮರು ನಡೆದುಕೊಂಡು ಬರುತ್ತಾರೆ. ನಮ್ಮಜ್ಜಿ ಕಾಯಿ ಒಡೆಸಿ, ಸಕ್ಕರೆ ಹಂಚಿ ಬರುತ್ತಿದ್ದರು. ಅವರಿಗೆ ಇದು ದರ್ಗಾ ಅದು ಮಠ ಅನ್ನುವ ಲೆಕ್ಕವೇ ಇರಲಿಲ್ಲ. "ನಮ್ಮ ಅಲ್ಲಮನ ಕಡೆ ಹೋಗಿ ಬರ್ತೀನಿ" ಅನ್ನುತ್ತಿದ್ದರು, ಅಷ್ಟೇ.

ಬ್ರಹ್ಮಪುರದ ಅಮ್ಮ

ಹೋಗಿ ಬಂದೆವು. ನಿನ್ನೆ ರಾತ್ರಿ ಮನೆ ಸೇರಿದೆವು. ಬೆಳಗ್ಗೆ ಎದ್ದು ಮೊದಲು ಇದನ್ನೇ ಬರೆಯುತ್ತಿದ್ದೇನೆ.

ಝರಣಿಯಲ್ಲಿ ಅತ್ತೆ ಬಾಗಿಲಲ್ಲೇ ಕೂತರು. ಗಂಡ, ಮಗಳು ಒಳಗೆ ಹೋಗಿ ಒದ್ದೆ ಬಟ್ಟೆಯಲ್ಲಿ ಬಂದಾಗ, ಮಗಳ ತೊಯ್ದ ಕೈ ಹಿಡಿದು ತಮ್ಮ ತಲೆಗೆ, ಕಣ್ಣಿಗೆ ಒತ್ತಿಕೊಂಡರು. ಅಷ್ಟರಲ್ಲೇ ಅವರಿಗೆ ತೃಪ್ತಿ ಆಯಿತು.

ಮದರಸಾದಲ್ಲಿ ಸಂಜೆಯ ನೀಲಿ ನೋಡಿದೆವು. ಮಂಗಲಪೇಟೆ ತಮ್ಮಾ, ನೀವು ಹೇಳಿದ್ದು ಒಂದಿಷ್ಟೂ ಜಾಸ್ತಿ ಅಲ್ಲ. ಆದರೆ ಒಂದು ಗೋಡೆಗೆ ಯಾರೋ ಮೊಳೆಯಿಂದ ಹೆಸರು, ಬಾಣದ ಗುರುತು ಗೀರಿದ್ದರು. ಮಗಳು ಬೆರಳಿಟ್ಟು "ಇದು ಹೊಸದು, ಅಲ್ವಾ ಅಮ್ಮ?" ಅಂದಳು. ಬಹಳ ನೋವಾಯಿತು.

ಭಾನುವಾರ ಕೋಟೆಗೆ ಬೆಳಗ್ಗೆಯೇ ಹೋದೆವು. ಮೇಲೆ ವಿಮಾನಪಡೆಯ ತರಬೇತಿ ವಿಮಾನದ ಸದ್ದು, ಕೆಳಗೆ ಸೋಲಾ ಖಂಬದ ಕಂಬಗಳ ನಡುವೆ ಪಾರಿವಾಳ. ಅತ್ತೆ ಒಂದು ಕಂಬಕ್ಕೆ ಒರಗಿ ಕೂತು "ಇಲ್ಲಿ ತಂಪಾಗಿದೆ, ನೀವು ಹೋಗಿ ಬರ್ರಿ" ಅಂದರು. ನಮ್ಮ ಕಲಬುರಗಿ ಕೋಟೆಯ 1367ರ ಜಾಮಿ ಮಸೀದಿ ನೆನಪಾಯಿತು. ಅಲ್ಲಿ ಅಂಗಳವೇ ಇಲ್ಲ, ಪೂರ್ತಿ ಮೇಲೆ ಗುಮ್ಮಟ. ಇಲ್ಲಿ ಮುಂದೆ ಹಸಿರು ತೋಟ. ಒಂದೇ ಮನೆತನದವರು ಎರಡು ಊರಿನಲ್ಲಿ ಬೇರೆ ಬೇರೆ ಥರ ಕಟ್ಟಿದ್ದಾರೆ ಅನ್ನೋದು ನನಗೆ ಹೊಳೆದದ್ದೇ ಆಗ.

ರಂಗೀನ್ ಮಹಲ್‌ಗೆ ಬೀಗ ಇತ್ತು. ಕೇಳಿದೆವು, ತೆಗೆದರು. ಆ ಚಿಪ್ಪಿನ ಬಳ್ಳಿ ಮುಂದೆ ಮಗಳು ತಲೆ ಆ ಕಡೆ ಈ ಕಡೆ ವಾಲಿಸುತ್ತಾ ಎಷ್ಟು ಹೊತ್ತು ನಿಂತಳೋ.

ಅಷ್ಟೂರಿನ ಒಂದು ಗಳಿಗೆ ಮಾತ್ರ ಬರೆಯಲೇಬೇಕು. ಅಹ್ಮದ್ ಷಾ ವಲಿಯ ಗೋರಿಯೊಳಗೆ ಕತ್ತಲು. ಮೊದಲು ಏನೂ ಕಾಣಲಿಲ್ಲ. ಅಲ್ಲಿ ನೋಡಿಕೊಳ್ಳುವ ಹಿರಿಯರೊಬ್ಬರು ಬಾಗಿಲ ಹತ್ತಿರ ಹೋಗಿ, ಕೈಗನ್ನಡಿ ಹಿಡಿದು, ಹೊರಗಿನ ಬಿಸಿಲನ್ನು ಒಳಗೆ ತಿರುಗಿಸಿದರು. ಅಂಗೈಯಗಲದ ಬೆಳಕು ಗೋಡೆ ಹತ್ತಿ ಗುಮ್ಮಟಕ್ಕೆ ಹೋಯಿತು. ಹೋದ ಕಡೆಯೆಲ್ಲ ಕೆಂಪು, ಚಿನ್ನದ ಬಣ್ಣ, ನೀಲಿ, ಸಾಲು ಸಾಲು ಅಕ್ಷರ ಎದ್ದು ಬಂದವು. ಬೆಳಕು ಸರಿದರೆ ಮತ್ತೆ ಕತ್ತಲು. ನಾವು ಯಾರೂ ಮಾತಾಡಲಿಲ್ಲ. ಅತ್ತೆ ಮೆಲ್ಲಗೆ "ಅಲ್ಲಮಪ್ರಭು" ಅಂದರು. ಅವರಿಗೆ ಅದನ್ನು ಯಾರು ಹೇಳಿದ್ದರೋ, ನಾನಂತೂ ಹೇಳಿರಲಿಲ್ಲ.

ಪಕ್ಕದಲ್ಲೇ ಹುಮಾಯೂನ್ ಷಾಹನ ಗೋರಿ ಇದೆ. ಸಿಡಿಲು ಬಡಿದು ಗುಮ್ಮಟ ಸೀಳಿಹೋಗಿದೆ, ಗೋಡೆ ಎಷ್ಟು ದಪ್ಪ ಅನ್ನೋದು ಒಳಗಿಂದಲೇ ಕಾಣುತ್ತದೆ. ಬರೀದಶಾಹಿ ಗೋರಿಗಳಿಗೆ ಹೋಗುವಷ್ಟು ಹೊತ್ತು ಉಳಿಯಲಿಲ್ಲ.

ಬಿದರಿ ಓಣಿಯಲ್ಲಿ ಮಣ್ಣು ಉಜ್ಜುವುದನ್ನು ನೋಡಿದೆವು. ಬೂದು ಬಣ್ಣದ ಪುಟ್ಟ ಡಬ್ಬಿ. ಉಜ್ಜಿ ತೊಳೆದಾಗ ಕಪ್ಪು, ಅದರ ಮೇಲೆ ಬೆಳ್ಳಿ ಹೂವು. ಮಗಳು "ಹೂವು ಮೊದಲೇ ಇತ್ತು, ನಮಗೆ ಕಾಣ್ತಿರಲಿಲ್ಲ" ಅಂದಳು. ಅದೇ ಡಬ್ಬಿ ಕೊಂಡೆವು.

ಮಾಸ್ತರರೇ, ನೌಬಾದ್‌ನಲ್ಲಿ ಸುರಂಗ ಬಾವಿ ನೋಡಿದೆವು. ಮಗಳಿಗೆ ಉತ್ತರ ಸಿಕ್ಕಿದೆ. ಜೊತೆಗೆ ಹೊಸ ಪ್ರಶ್ನೆಯೂ ಹುಟ್ಟಿದೆ. "ಕತ್ತಲಲ್ಲಿ ಅಗೆಯುವವರಿಗೆ ಸುರಂಗ ನೇರ ಹೋಗ್ತಿದೆ ಅಂತ ಹೇಗೆ ಗೊತ್ತಾಗ್ತಿತ್ತು?" ಅಂತ ನಿಮ್ಮನ್ನೇ ಕೇಳೋಕೆ ಹೇಳಿದ್ದಾಳೆ.

ನೌಬಾದ್ ಮಾಸ್ತರ್

ಮಗೂ, ಒಳ್ಳೆ ಪ್ರಶ್ನೆ. ಅದಕ್ಕೂ ಆ ಕಿಂಡಿಗಳೇ ಸಹಾಯಕ್ಕೆ ಬರುತ್ತವೆ. ಮೇಲೆ ನೆಲದಲ್ಲಿ ಬಾವಿಗಳನ್ನು ಸಾಲು ಹಿಡಿದು ತೋಡುತ್ತಾರೆ. ಆಮೇಲೆ ಕೆಳಗಿಂದ ಒಂದು ಬಾವಿಯಿಂದ ಇನ್ನೊಂದರ ಕಡೆಗೆ ಅಗೆಯುತ್ತಾರೆ. ಅಂದರೆ ಒಂದೇ ಸಲಕ್ಕೆ ಮೂರು ಕಿಲೋಮೀಟರ್ ಗುರಿ ಹಿಡಿಯಬೇಕಾಗಿಲ್ಲ, ಮುಂದಿನ ಬಾವಿಯವರೆಗೆ ಹಿಡಿದರೆ ಸಾಕು. ಹಿಂದೆ ತಿರುಗಿ ನೋಡಿದರೆ ಬಂದ ಬಾವಿಯ ಬೆಳಕು ಕಾಣುತ್ತಿರಬೇಕು. ಆ ಬೆಳಕು ಮರೆಯಾದರೆ ದಾರಿ ಸೊಟ್ಟಗಾಗಿದೆ ಅಂತ ಅರ್ಥ. ನೀನು ಮನೆಯಲ್ಲಿ ಮರಳು ಗುಡ್ಡೆ ಮಾಡಿ, ಮೇಲಿಂದ ನಾಲ್ಕು ತೂತು ಹಾಕಿ ಮಾಡಿ ನೋಡು. ಮರಳು ಒದ್ದೆ ಇರಲಿ.

ಮಂಗಲಪೇಟೆ ಮನಿ

ಅಕ್ಕಾ, ಬರೀದಶಾಹಿ ಗೋರಿ ಬಾಕಿ ಉಳಿಯಿತಲ್ಲ, ಅದಕ್ಕೆ ಇನ್ನೊಮ್ಮೆ ಬರಲೇಬೇಕು. ಅಲೀ ಬರೀದನ ಗೋರಿಗೆ ನಾಲ್ಕು ಕಡೆಯೂ ಗೋಡೆ ಇಲ್ಲ, ಬರೀ ಕಮಾನು. ಗಾಳಿ ಆರಪಾರ ಓಡುತ್ತದೆ. ಒಳಗೆ ಹೆಂಚಿನ ಮೇಲೆ ಪರ್ಷಿಯನ್ ಪದ್ಯ ಬರೆದಿದ್ದಾರೆ. ಬೆಳಗ್ಗೆ ಅಲ್ಲಿ ಊರವರು ವಾಕಿಂಗ್ ಮಾಡುತ್ತಾರೆ. ನಮ್ಮ ತಂದೆಯೂ ದಿನಾ ಹೋಗುತ್ತಾರೆ.

ಬ್ರಹ್ಮಪುರದ ಅಮ್ಮ

ಬರುತ್ತೇವೆ. ಅತ್ತೆಗೆ ಅಷ್ಟೂರಿನ ಉರುಸು ನೋಡಬೇಕಂತೆ. ಯಾವಾಗ ಇರುತ್ತದೆ?

ಆಳಂದದವ

ಹೋಳಿ ಹುಣ್ಣಿಮೆ ಆದ ಮೇಲೆ. ಮಾಡಿಯಾಳದಿಂದ ಜಂಗಮರು ಹೊರಡುವ ದಿನ ಇಲ್ಲೇ ಬರೆಯುತ್ತೇನೆ. ಅತ್ತೆಯವರಿಗೆ ಕೂರಲು ಒಂದು ಕುರ್ಚಿ ನಾನೇ ತರುತ್ತೇನೆ, ಹೇಳಿಬಿಡಿ.